ಹಳೆಯ ಪ್ರೊಸೆಸರ್ ಇರುವಾಗಲೇ

ಮುಚ್ಚಿದ ಬಾಗಿಲುಗಳನ್ನು ತೆರೆಯುವವನೂ ಒಂಟಿ ಹೃದಯಗಳ ಮೊರೆಯನ್ನು ಆಲಿಸುವವನೂ ಆದ ಪರಮ ದಯಾಮಯನಿಗೆ ಮೊದಲ ವಂದನೆ. ಅವನ ನಾಮವನ್ನು ನೆನೆದು ಈ ಕಥೆ.

“ಇದನ್ನ ಕೂರಿಸಿಕೊಡಿ, ಅಷ್ಟೇ!”

ಮೊಂಬಾಸಾದ ಹಳೆಯ ಪೇಟೆಯ ರಿಪೇರಿ ಅಂಗಡಿಯಲ್ಲಿ ಮ್ವಾನಕೊಂಬೊ ತನ್ನ ಕಂಪ್ಯೂಟರನ್ನೂ ಹೊಸ ಪ್ರೊಸೆಸರಿನ ಪುಟ್ಟ ಡಬ್ಬಿಯನ್ನೂ ಮೇಜಿನ ಮೇಲಿರಿಸಿದಳು.

ರಿಪೇರಿ ಮಾಡುತ್ತಿದ್ದ ತ್ವಾಹಾ ತಲೆಯೆತ್ತಿದ. ಅವನ ದೃಷ್ಟಿ ಸೌಮ್ಯವಾಗಿತ್ತು...

“ಮದರ್‌ಬೋರ್ಡಿನ ಹೆಸರೇನು, ಬೀಬಿ?”

“ಅದಕ್ಕೂ ನಾಮಕರಣ ಮಾಡ್ತಾರಾ?”

“ಮಾಡಿರ್ತಾರೆ! ಅದನ್ನ ಕೇಳದೆ ಪ್ರೊಸೆಸರ್ ತಂದ್ಬಿಟ್ರಲ್ಲ... ಹೆಣ್ಣಿನ ಮನೆ ಎಲ್ಲಿ ಅಂತ ತಿಳೀದೆ ದಿಬ್ಬಣ ಹೊರಡಿಸಿದ ಹಾಗಾಯ್ತು.”

ಅವಳು ನಕ್ಕಳು. ನಕ್ಕ ಸದ್ದು ಅವಳಿಗೇ ಅಪರಿಚಿತವೆನಿಸಿತು.

ಅವನು ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಬೋರ್ಡಿನ ಮೇಲಿನ ಅಕ್ಷರಗಳನ್ನು ಓದಿ, ಫೋನಿನಲ್ಲಿ ಹುಡುಕಿದ.

“ಸಾಕೆಟ್‌ಗೆ ಸರಿಯಾಗಿ ಕೂರುತ್ತೆ. ಆದ್ರೆ ಬೋರ್ಡಿನ ಬಯಾಸ್, ಅಂದ್ರೆ ಅದನ್ನ ಎಬ್ಬಿಸೋ ಸಾಫ್ಟ್‌ವೇರ್, ಹಳೇದು, ಹೊಸಬನ ಗುರುತೇ ಅದಕ್ಕಿಲ್ಲ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡ್ಬೇಕು.”

“ಹಳೇದನ್ನ ಮೊದಲೇ ತೆಗೆದ್ರೆ?”

“ಪರದೆ ಬರೀ ಕತ್ತಲೆ.”

ಮ್ವಾನಕೊಂಬೊ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಆ ಯಂತ್ರವನ್ನು ಜೋಡಿಸಿದವನು ಕಡಲಿಗೆ ಹೋಗಿ ಮರಳದ ಅವಳ ಗಂಡ ಬಕಾರಿ. ಅದರ ಮುಂದೆ ಕುಳಿತೇ ಅವಳು ಪರರ ಮದುವೆಯ ಕರೆಯೋಲೆಗಳನ್ನು ರಚಿಸಿ ಬದುಕುತ್ತಿದ್ದಳು. ಸಂಜೆಗಳಲ್ಲಿ ಅವಳ ಜೊತೆಗಿರುತ್ತಿದ್ದುದು ಆ ಯಂತ್ರದ ಫ್ಯಾನಿನ ಸದ್ದು ಮಾತ್ರ...

“ನಡುವೆ ಕರೆಂಟ್ ಹೋದ್ರೆ ಬೋರ್ಡೇ ಸತ್ತುಹೋಗುತ್ತೆ. ಇಲ್ಲಂತೂ ಕರೆಂಟ್ ನಂಬೋ ಹಾಗಿಲ್ಲ.”

“ನಮ್ಮನೇಲಿ ಬ್ಯಾಟರಿ ಇದೆ.” ತನ್ನ ಧೈರ್ಯ ಅವಳಿಗೇ ಅಚ್ಚರಿ!

“ಹಾಗಾದ್ರೆ ಶುಕ್ರವಾರ ಸಂಜೆ ನಾನೇ ಬರ್ತೀನಿ.”

ಶುಕ್ರವಾರ ಶುಂಠಿ ಕಾಫಿ ಕುದಿಯುತ್ತಿತ್ತು. ಹೊಸ್ತಿಲಾಚೆ ಅಪ್ಪಣೆ ಕೇಳುವ ಕರೆ.

“ಹೋಡಿ!”

‘ಕರಿಬು’, ಒಳಗೆ ಬನ್ನಿ, ಎಂದು ಹೇಳಿದರೆ ಸಾಕು, ಅವನು ಒಳಬರುತ್ತಾನೆ. ಆದರೆ ಬಕಾರಿಯ ಬಳಿಕ ಆ ಬಾಗಿಲಲ್ಲಿ ಗಂಡುದನಿ ಕೇಳಿದ್ದು ಅದೇ ಮೊದಲು! ಅವಳ ತುಟಿ ತೆರೆಯಿತು, ಸ್ವರ ಹೊರಡಲಿಲ್ಲ.

ಮತ್ತೊಮ್ಮೆ ಕರೆದ. ಮಗುದೊಮ್ಮೆ.

ಮೂರು ಕರೆಗೂ ಓಗೊಡದ ಮನೆಯಿಂದ ಮರಳಬೇಕೆಂಬುದು ಧರ್ಮ. ಹೆಜ್ಜೆಗಳು ದೂರವಾದವು...

“ಏನೇ, ಪಾಪ, ಆ ಹುಡುಗನ್ನ ಬಾಗಿಲಲ್ಲೇ ಒಣಗಿಸಿ ಕಳಿಸಿದ್ಯಾ?” ನೆರೆಮನೆಯ ಮುದುಕಿ ರುಕಿಯಾ ಕಿಟಕಿಯಿಂದಲೇ ಚುಚ್ಚಿದಳು.

ಕಾಫಿ ತಣ್ಣಗಾಯಿತು. ಮನೆ ಎಂದಿಗಿಂತ ದೊಡ್ಡದಾಗಿ, ಬರಿದಾಗಿ ಕಂಡಿತು.

ಮರುದಿನ ಅವನ ಅಂಗಡಿಯ ಹೊಸ್ತಿಲಲ್ಲಿ ಅವಳೇ ನಿಂತಳು.

“ಹೋಡಿ...”

“ಅಂಗಡಿಗೆ ಯಾರಾದ್ರೂ ಹೋಡಿ ಕೂಗ್ತಾರಾ, ಬೀಬಿ?” ಅವನು ನಗಲಿಲ್ಲ.

“ನಿನ್ನೆ ಮೂರೂ ಕರೆ ಕೇಳಿಸ್ತು.”

“ಹಾಗಾದ್ರೆ ಬೇಡ ಅಂತಲೇ ಅರ್ಥ...”

“ಅಲ್ಲ! ಆ ಬಾಗಿಲಿಗೆ ಇನ್ನೂ ಬಕಾರಿಯ ದನಿಯದ್ದೇ ಗುರುತು. ನಾನೇನು ಮಾಡ್ಲಿ?”

ತ್ವಾಹಾ ಕೈಯಲ್ಲಿದ್ದ ಕೆಲಸವನ್ನು ಪಕ್ಕಕ್ಕಿಟ್ಟ.

“ಹಳೇದನ್ನ ಕಿತ್ತುಹಾಕಿ ಅಂತ ನಾನು ಹೇಳಿಲ್ವಲ್ಲ. ಅವರು ನಿಮ್ಮೊಳಗೆ ಇರುವಾಗಲೇ ನನ್ನ ಗುರುತೂ ಆಗ್ಲಿ. ಎಷ್ಟು ದಿನವಾದ್ರೂ ಕಾಯ್ತೀನಿ.”

“ಇವತ್ತು ಸಂಜೆ ಇನ್ನೊಂದ್ಸಲ ಬನ್ನಿ,” ಎಂದಳು ಅವಳು.

ಆ ಸಂಜೆ ಮತ್ತೆ ಕರೆ ಬಂದಿತು. “ಹೋಡಿ!”

“ಕ... ಕರಿಬು!”

ರುಕಿಯಾ ಕಾವಲಿಗೆಂದು ಬಂದು ಕುಳಿತು, ಕಾಫಿ ಹೀರುತ್ತ ತೂಕಡಿಸಿದಳು. ಬಯಾಸ್ ಅಪ್‌ಡೇಟ್ ಮುಗಿಯಿತು. ಹೊಸ ಪ್ರೊಸೆಸರ್ ಕುಳಿತಿತು. ಇಬ್ಬರೂ ನೋಡುತ್ತಿದ್ದಂತೆ ಪರದೆ ಬೆಳಗಿ, ಹೊಸಬನ ಹೆಸರನ್ನು ತೋರಿಸಿತು!

ಹಳೆಯ ಪ್ರೊಸೆಸರನ್ನು ಅವನು ಬಟ್ಟೆಯಲ್ಲಿ ಸುತ್ತಿ ಅವಳ ಅಂಗೈಯಲ್ಲಿಟ್ಟ. “ಇದು ನಿಮ್ಮ ಹತ್ತಿರಾನೇ ಇರ್ಲಿ.”

“ನಾಳೆ ಬರ್ತೀರಾ?”

“ಯಂತ್ರ ಸರಿಹೋಯ್ತಲ್ಲ?”

“ಒಬ್ಬಳೇ ಕುಡಿದ್ರೆ ಕಾಫಿ ಬೇಗ ತಣ್ಣಗಾಗುತ್ತೆ...”

“ಮತ್ತೆ ಮೂರು ಸಲ ಹೋಡಿ ಕೂಗ್ಬೇಕಾ?”

“ಒಂದೇ ಸಲ ಸಾಕು.”

ಈ ಕಥೆಯನ್ನು ಕೇಳಿದವರೆಲ್ಲರ ಹೊಸ್ತಿಲಿಗೂ ಪ್ರೀತಿಯ ಕರೆಯೊಂದು ಬರಲಿ. ಅದಕ್ಕೆ ಓಗೊಡುವ ದನಿಯನ್ನೂ ದಯಾಮಯನು ಕರುಣಿಸಲಿ. ಆಮೀನ್.