ಕುಟ್ರಹಕ್ಕಿ ಕೂಗಿದ ಬೆಳಿಗ್ಗೆ

"ಪೂರ್ಣಿಮಾ, ನೀ ಪರಾಗನ ಜೋಡಿ ಹೋಗು. ಹಳ್ಳದ ದಂಡಿ ನಿಮ್ಮಿಬ್ಬರಿಗೆ."

ಬಳಗದ ಹಿರಿಯಳು ಸುಲಭಾ ಮಾವಶಿ ಇಷ್ಟು ಹೇಳಿ ಮುಂದಿನ ಜೋಡಿಯತ್ತ ತಿರುಗಿದಳು. ಪೂರ್ಣಿಮಾ ಹಿಂದಿರುಗಿ ನೋಡಿದಳು.

ಪರಾಗ... ಮೂರು ವರ್ಷ ಇಲ್ಲದವನು ಇವತ್ತೇ ಬರಬೇಕಿತ್ತಾ?

ಖಾನಾಪುರದ ಕಾಡಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಪ್ರತಿ ಚಳಿಗಾಲದಂತೆ ಬೆಳಗಾವಿಯ ಪಕ್ಷಿವೀಕ್ಷಕರ ಬಳಗ ಹಕ್ಕಿ ಎಣಿಸಲು ಬಂದಿತ್ತು. ಪರಾಗನ ಕೊರಳಲ್ಲಿ ಅದೇ ಹಳೇ ದುರ್ಬೀನು. ಗಡ್ಡ ಮಾತ್ರ ಹೊಸದು.

"ಆರಾಮ ಅದೀರಿ?" ಅಂದ.

"ಹೂಂ" ಎಂದಷ್ಟೇ ಹೇಳಿ ಅವಳು ಬಿರಬಿರನೆ ನಡೆದಳು. ಮನಸ್ಸು ಮಾತ್ರ ಹಿಂದಕ್ಕೆ ಹೊರಟಿತ್ತು...

ಎಂಥಾ ಭಾನುವಾರಗಳು ಅವು! ಬೆಳಕು ಹರಿಯುವ ಮೊದಲೇ ಶಹಾಪುರದ ಮನೆಯಿಂದ ಕೋಟೆ ಕೆರೆಗೆ ಓಡುತ್ತಿದ್ದಳು. ಉದ್ಯಮಬಾಗದ ಕಬ್ಬಿಣ ಎರಕದ ಫೌಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿದ ಪರಾಗ ಕೆಂಪು ಕಣ್ಣಲ್ಲೇ ಬೈಕು ನಿಲ್ಲಿಸುತ್ತಿದ್ದ. ಕಾಗೆ, ಗುಬ್ಬಿ ಬಿಟ್ಟರೆ ಏನೂ ತಿಳಿಯದ ಅವಳ ಕೈಗೆ ದುರ್ಬೀನು ಕೊಟ್ಟು, "ಹಕ್ಕಿ ಹುಡುಕಬ್ಯಾಡ್ರಿ. ಎಲಿ ಎಲ್ಲಿ ಅಲಗ್ತೈತಿ ಅದನ್ನ ನೋಡ್ರಿ" ಎಂದು ಕಲಿಸಿದವನು ಅವನೇ. ಆಮೇಲೆ ಎಲ್ಲರೂ ಸೇರಿ ಖಾರದ ಮಿಸಳ್ ತಿನ್ನುವಾಗ ತನ್ನ ಪಾವ್‌ಬ್ರೆಡ್ಡು ಮುರಿದು ಅವಳ ತಟ್ಟೆಗೆ ಇಡುತ್ತಿದ್ದ.

ಅವನು ಬಂದಿದ್ದ ಕಡೆಯ ಎಣಿಕೆಯ ದಿನ, ಇದೇ ಕಾಡಿನಲ್ಲಿ, ಅವನ ಎಡಬದಿಗೆ ನಿಂತು ಮೆಲ್ಲಗೆ ಹೇಳಿದ್ದಳು: "ಪರಾಗ... ನೀವಂದ್ರ ನನಗ ಭಾಳ ಜೀವ."

ಅವನು ದುರ್ಬೀನು ಇಳಿಸಲೇ ಇಲ್ಲ! ಒಂದು ಮಾತೂ ಆಡದೆ ಮುಂದೆ ನಡೆದುಬಿಟ್ಟ. ಮರುವಾರದಿಂದ ಬಳಗಕ್ಕೂ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ ಅವಳು ಅವನ ಫೋನು ಬಂದರೂ ಎತ್ತಲಿಲ್ಲ...

"ಕುಟ್ರೂ... ಕುಟ್ರೂ..."

ಎಡಗಡೆಯ ಆಲದಲ್ಲಿ ಕುಟ್ರಹಕ್ಕಿ ಕೂಗಿತು. ಪರಾಗ ಬಲಗಡೆ ಹುಡುಕತೊಡಗಿದ.

"ಎಡಕ್ಕ ಐತಲ್ರಿ" ಅಂದಳು. ಅವನ ದುರ್ಬೀನು ಬಲಕ್ಕೇ ಇತ್ತು. ತುಸು ಜೋರಾಗಿ ಹೇಳಿದಾಗ ಅವನು ಗಕ್ಕನೆ ಮುಖ ತಿರುಗಿಸಿ ಅವಳ ತುಟಿಯನ್ನೇ ನೋಡಿದ. "ಏನಂದ್ರಿ?"

ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡ ಅವಳ ಅಪ್ಪ ಎದುರಿನವರ ತುಟಿ ನೋಡುತ್ತಿದ್ದುದು ಹೀಗೆಯೇ!

ಅವಳು ಅವನ ಬಲಕ್ಕೆ ಬಂದು ನಿಂತಳು. "ಯಾವಾಗಿಂದ, ಪರಾಗ?"

ಅವನು ತಲೆ ತಗ್ಗಿಸಿದ. "ಆ ವರ್ಷದ ಎಣಿಕಿಗಿಂತ ಮೊದಲ. ಫೌಂಡ್ರಿ ಸಪ್ಪಳ... ಎಡಗಿವಿ ಪೂರಾ ಹೋಗೇತ್ರಿ. ಹಕ್ಕಿ ದನಿ ಎಲ್ಲಿಂದ ಬಂತಂತ ತಿಳೀದವ ಏನ್ ಎಣಸ್ಯಾನು? ಅದಕ್ಕ ಬರೂದು ಬಿಟ್ಟೆ. ನಿಮಗರ ಹೇಳೂಣು ಅಂತ ಫೋನ್ ಮಾಡಿದ್ನಿ. ನೀವು ಎತ್ತಲಿಲ್ಲ."

"ಹಂಗಾದ್ರ... ಅವತ್ತು ನಾ ಅಂದದ್ದು?"

"ನೀವು ಏನರ ಅಂದಿದ್ರಿ?"

ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಅವನು ಕೇಳಿಯೇ ಇರದ ಮಾತಿಗೆ ಇಷ್ಟು ಕಾಲ ಮುನಿಸಿಕೊಂಡಿದ್ದೆನಾ!

"ಮತ್ತ ಇವತ್ತ್ಯಾಕ ಬಂದ್ರಿ?"

"ನೀವು ಬರ್ತೀರಂತ ಮಾವಶಿ ಹೇಳಿದ್ರು. ಕಿವಿ ಹೋದ್ರೂ ಕಣ್ಣು ಅದಾವಲ್ರಿ... ಒಮ್ಮಿ ನೋಡಿ ಹೋಗೂಣು ಅನಿಸ್ತು."

ಪೂರ್ಣಿಮಾ ಕಣ್ಣೊರೆಸಿಕೊಂಡಳು. "ನೋಡಿದ್ದಾತಿಲ್ಲ? ಈಗ ನೀವು ಹೇಳ್ರಿ. ನಾ ಹೇಳೂ ಪಾಳಿ ಅವತ್ತ ಮುಗದೈತಿ."

ಅವನು ಬೆರಗಾಗಿ ನಿಂತ. ಅವಳು ಅಂದು ಏನೆಂದಿರಬಹುದೆಂದು ಈಗ ಹೊಳೆಯಿತು. ಕಣ್ಣು ತುಂಬಿ ಬಂತು.

"ಪೂರ್ಣಿಮಾ... ನನ್ನ ಮದಿವಿ ಆಗ್ತೀರಿ?" ಪಿಸುದನಿಯಲ್ಲಿ ಕೇಳಿದ.

"ಕೇಳಸಲಿಲ್ರಿ" ಎಂದು ಅವಳು ನಕ್ಕಳು. "ಇನ್ನೊಮ್ಮೆ ಅನ್ರಿ."