ಮರಳಿನಡಿಯ ಕಾಡು

"ಥರ್ಜಾ, ಅಲ್ಲಿ ಕಾಲಿಡ್ಬೇಡ! ಕೆಸರು ಸೊಂಟದವರೆಗೂ ಎಳ್ಕೊಳ್ಳುತ್ತೆ!"

ಆ ದನಿ ಕೇಳಿದ್ದೇ ಅವಳು ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡಳು. ಮೂರು ವರ್ಷವಾಗಿತ್ತು ಆ ದನಿ ತನ್ನ ಹೆಸರು ಹಿಡಿದು ಕೂಗಿ!

ಹಿಂದಿನ ದಿನದ ಬಿರುಗಾಳಿ ಸೆಲ್‌ವಿಕ್ ತೀರದ ಮರಳನ್ನೆಲ್ಲ ಹೊತ್ತೊಯ್ದಿತ್ತು. ಈಗ ಇಳಿತದ ಹೊತ್ತಿಗೆ ಸಮುದ್ರ ದೂರ ದೂರಕ್ಕೆ ಸರಿದು, ಅದರ ತಳದಲ್ಲಿ... ಒಂದು ಕಾಡೇ ಕಾಣಿಸುತ್ತಿತ್ತು! ಸಾವಿರಾರು ವರ್ಷದ ಹಿಂದೆ ಮುಳುಗಿದ ಓಕ್ ಮರಗಳ ಕಪ್ಪು ಬುಡಗಳು, ಚಾಚಿದ ಬೇರುಗಳು... ಅದನ್ನು ನೋಡಲೆಂದೇ ಅವಳು ಚರ್ಚಿನ ಗುಡ್ಡದಿಂದ ಓಡಿ ಬಂದಿದ್ದಳು.

ಆ ಬುಡಗಳ ನಡುವೆ ನಿಂತಿದ್ದವನು ಕೋರಿನ್. ಊರಿನ ರಕ್ಷಣಾ ದೋಣಿಯ ನಾಯಕ. ಅವಳನ್ನು ಮದುವೆಯಾಗಬೇಕಿದ್ದವನು.

ಅವಳ ಅಪ್ಪ ಏಮಸ್‌ನ ಏಡಿ ಹಿಡಿಯುವ ದೋಣಿ ಒಡೆದ ದಿನ, ಹತ್ತಿರದವರೆಗೂ ಹೋದ ಕೋರಿನ್ ತನ್ನ ದೋಣಿ ತಿರುಗಿಸಿಬಿಟ್ಟಿದ್ದ. ಅಪ್ಪನ ದೇಹವೂ ಸಿಗಲಿಲ್ಲ. ಅಂದಿನಿಂದ ಅವನು ಎದುರಾದರೆ ಅವಳು ರಸ್ತೆ ದಾಟಿಬಿಡುತ್ತಿದ್ದಳು.

"ನನ್ನನ್ನ ಕಾಪಾಡೋಕೆ ಬಂದ್ಯಾ? ಅವತ್ತು ಎಲ್ಲಿತ್ತು ಈ ಧೈರ್ಯ?"

ಅವನು ತಲೆ ತಗ್ಗಿಸಿದ.

"ಸಾಕು ಕಣಮ್ಮಾ!" ಹಿಂದಿನಿಂದ ಏದುಸಿರು ಬಿಡುತ್ತ ಬಂದವರು ಊರ ಚರ್ಚಿನ ಪಾದ್ರಿ, ಅರವತ್ತು ದಾಟಿದ ಹೆಸ್ಟರಮ್ಮ. "ಸೋಮವಾರ ಇವನು ಊರೇ ಬಿಟ್ಟು ಹೋಗ್ತಿದಾನೆ. ಇನ್ನು ನನ್ ಕೈಲಿ ಮುಚ್ಚಿಡೋಕಾಗಲ್ಲ."

"ಬೇಡ, ಹೆಸ್ಟರಮ್ಮ..." ಕೋರಿನ್ ಬೇಡಿಕೊಂಡ.

"ಸುಮ್ನಿರಪ್ಪ! ಅವತ್ತು ದಡದಲ್ಲಿ ರೇಡಿಯೋ ಮುಂದೆ ಕೂತಿದ್ದು ನಾನು. ಇವನ ದೋಣಿ ಎರಡು ಸಲ ಮಗುಚ್ಕೊಳ್ಳೋ ಹಾಗಾಯ್ತು. ಮೂರನೇ ಸಲ ನುಗ್ಗೋಕೆ ಹೊರಟ. ಆಗ ನಿನ್ನಪ್ಪ ಮುಳುಗ್ತಿದ್ದ ದೋಣಿಯಿಂದ ರೇಡಿಯೋದಲ್ಲಿ ಕೂಗಿದ್ರು, 'ತಿರುಗಿಸೋ ಕೋರಿನ್! ನಿನ್ ದೋಣೀಲಿ ಐದು ತಾಯಂದಿರ ಮಕ್ಕಳಿದಾರೆ. ಥರ್ಜಾಗೆ ಮಾತ್ರ ಹೇಳ್ಬೇಡ, ಅಪ್ಪ ತಾನಾಗೇ ನನ್ನ ಬಿಟ್ಟು ಹೋದ ಅಂದ್ಕೋತಾಳೆ' ಅಂತ."

ಅಪ್ಪಾ...!

ಥರ್ಜಾ ಒಂದು ಪುರಾತನ ಮರದ ಬುಡದ ಮೇಲೆ ಕುಳಿತುಬಿಟ್ಟಳು. ಸುತ್ತ ಆ ಅಗಾಧ ಮೌನದ ಕಾಡು, ಆಚೆ ಬೆಳ್ಳಗೆ ಹೊಳೆಯುವ ಸಮುದ್ರ... ಎಷ್ಟು ದೊಡ್ಡದಿತ್ತು ಅಪ್ಪನ ಮನಸ್ಸು! ಆ ಗುಟ್ಟನ್ನು ಮೂರು ವರ್ಷ ಎದೆಯಲ್ಲಿ ಹೊತ್ತು, ಅವಳ ಶಾಪಕ್ಕೆ ಗುರಿಯಾದವನು ಇಲ್ಲೇ ನಿಂತಿದ್ದ.

"ಯಾಕೋ ಹೇಳ್ಲಿಲ್ಲ?"

"ನಿನ್ನಪ್ಪಂಗೆ ಮಾತು ಕೊಟ್ಟಿದ್ದೆ. ನಿನಗೆ ಯಾರ ಮೇಲಾದ್ರೂ ಸಿಟ್ಟು ಬೇಕಿತ್ತು... ಅದು ನನ್ ಮೇಲೇ ಇರ್ಲಿ ಅನ್ಕೊಂಡೆ."

ಅವಳು ಎದ್ದು ಬಂದು ಅವನ ಎದೆಗೆ ಹಣೆಯಿಟ್ಟಳು. ಇಬ್ಬರೂ ಅತ್ತರು, ನಾಚಿಕೆಯಿಲ್ಲದೆ.

ಹೆಸ್ಟರಮ್ಮ ಮೂಗೊರೆಸಿಕೊಂಡರು. "ಹಾಗಾದ್ರೆ ಪದ್ಧತಿ ಪ್ರಕಾರ ಭಾನುವಾರ ಚರ್ಚಲ್ಲಿ ಇಬ್ಬರ ಹೆಸರು ಕೂಗ್ಲಾ? ಈ ಮದುವೆಗೆ ಆಕ್ಷೇಪಣೆ ಇರೋರು ಹೇಳ್ಲಿ ಅಂತ?"

"ಆಕ್ಷೇಪಣೆ ಇರೋಳು ಇಲ್ಲೇ ಇದಾಳೆ," ಎಂದ ಕೋರಿನ್, ಅಂಜುತ್ತಲೇ.

"ಇತ್ತು..." ಥರ್ಜಾ ಮುಖ ಎತ್ತಲಿಲ್ಲ.

"ಈಗ?"

"ಈಗ ಚಳಿ ಆಗ್ತಿದೆ ಕಣೋ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡ್ಕೊ."