ಬಾಣಂತಿ ಕೆರೆ

ಬಹಳ ಬಹಳ ಹಿಂದೆ, ಕಂಚಿನಕೋಟೆ ಎಂಬ ರಾಜ್ಯದಲ್ಲಿ ವೀರಚಂಡನೆಂಬ ರಾಜನಿದ್ದ. ಹೆಸರಿಗೆ ಮಾತ್ರ ವೀರ. ಸಾವೆಂದರೆ ಅವನಿಗೆ ಎಲ್ಲಿಲ್ಲದ ಭಯ. "ಬೆಳ್ಳಕ್ಕಿ ಗರಿಯ ನಿಲುವಂಗಿ ತೊಟ್ಟರೆ ನಿಮಗೆ ಸಾವಿಲ್ಲ, ಮಹಾಪ್ರಭು" ಎಂದು ಮಾಂತ್ರಿಕ ಧೂಮಕೇಶ ಕಿವಿ ಊದಿದ. ಆ ಗರಿ ಮೂಡುವುದೋ, ಹಕ್ಕಿ ಗೂಡು ಕಟ್ಟಿ ಮರಿ ಮಾಡುವ ಕಾಲದಲ್ಲಿ ಮಾತ್ರ. ತಾಯಿಯನ್ನು ಕೊಂದರೆ ಮರಿಗಳ ಗತಿಯೇನು? ಇಬ್ಬರಲ್ಲಿ ಒಬ್ಬನಾದರೂ ಕೇಳಬೇಕಲ್ಲ, ಕೇಳಲಿಲ್ಲ. ಬೆಳ್ಳಕ್ಕಿಗಳು ಗೂಡು ಕಟ್ಟುವ ಹೆಗ್ಗೆರೆಗೆ ರಾಜ ಬೇಟೆಗಾರರನ್ನು ಅಟ್ಟಿದ.

ಹೆಗ್ಗೆರೆಯ ದಂಡೆಯಲ್ಲಿ ಸೂಲಗಿತ್ತಿ ಕಾಳಮ್ಮಣ್ಣಿಯ ಮನೆ. ಬೆಳಗ್ಗೆ ಎದ್ದು ನೋಡುತ್ತಾಳೆ, ಗರಿ ಕಿತ್ತ ಹಕ್ಕಿಗಳು ನೀರಲ್ಲಿ ತೇಲುತ್ತಿವೆ, ಗೂಡುಗಳಲ್ಲಿ ಮರಿಗಳು ಬಾಯಿ ತೆರೆದು ಅರಚುತ್ತಿವೆ. ಅವಳು ಸೆರಗು ಬಿಗಿದು ಬೇವಿನ ಮರದತ್ತ ನಡೆದಳು.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಬಾಣಂತಿ ಮನೆಗೆ ಸೂಲಗಿತ್ತಿ ಬೇವಿನ ಸೊಪ್ಪು ಕಟ್ಟಿದ ಮೇಲೆ, ಆಯುಧ ಹಿಡಿದು ಹೊಸಿಲು ದಾಟಿದವನು ಯಾರೇ ಆಗಲಿ, ನಿಂತಲ್ಲೇ ಬೂದಿಯಾಗುತ್ತಿದ್ದ. ಮರಿ ಮಾಡಿದ ಹಕ್ಕಿಯೂ ಬಾಣಂತಿಯೇ ಎಂದು ಕಾಳಮ್ಮಣ್ಣಿ ಹೊರೆಗಟ್ಟಲೆ ಬೇವು ತಂದು ಕೆರೆಯ ಸುತ್ತ ಮರಮರಕ್ಕೂ ಕಟ್ಟಿದಳು.

ಸುದ್ದಿ ಕೇಳಿ, ಇನ್ನೂ ಅರೆಬರೆಯಾಗಿದ್ದ ಗರಿಯ ನಿಲುವಂಗಿ ತೊಟ್ಟು ರಾಜನೂ, ಅವನ ಜೊತೆ ಮಾಂತ್ರಿಕನೂ ಬಂದರು.

"ಕೆರೆ ಬಾಣಂತಿ ಮನೆಯಂತೆ. ಹೊಸಿಲೆಲ್ಲಿ ಮುದುಕಿ?" ಎಂದು ಧೂಮಕೇಶ ನಕ್ಕು, ಬೆಂಕಿಯುಗುಳುವ ಮೊಸಳೆಯನ್ನು ಬಿಟ್ಟ.

"ನಿನ್ನನ್ನೂ ಒಬ್ಬ ತಾಯಿ ಮೊಟ್ಟೆ ಕಾದು ಹುಟ್ಟಿಸಿದ್ದಾಳೆ. ಮಲಗು ಇಲ್ಲಿ" ಎಂದು ಕಾಳಮ್ಮಣ್ಣಿ ಗದರಿದಳು. ಮೊಸಳೆ ಬೆಂಕಿ ನುಂಗಿಕೊಂಡು ಅಡ್ಡ ಮಲಗಿತು, ಅದೇ ಹೊಸಿಲಾಯಿತು.

"ಗೋಡೆಯೆಲ್ಲಿ?" ಎಂದು ಅವನು ಬಿರುಗಾಳಿ ಬಿಟ್ಟ.

"ದಂಡೆಯ ಜಾಲಿಗಳೇ, ನೋಡುತ್ತಾ ನಿಂತಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದು ಅವಳು ಮರಗಳನ್ನೇ ಬೈದಳು. ಜಾಲಿಗಳು ಬೇರು ಕಿತ್ತು ನಡೆದು ಬಂದು, ಮುಳ್ಳಿಗೆ ಮುಳ್ಳು ಹೆಣೆದು ಗೋಡೆಯಾದವು.

"ತವರಿನವರು ಯಾರು? ತವರಿಲ್ಲದ ಬಾಣಂತಿಗೆ ಕಟ್ಟಳೆ ಎಲ್ಲಿಯದು?" ಎಂದು ಧೂಮಕೇಶ ಅಬ್ಬರಿಸಿದ.

ಕಾಳಮ್ಮಣ್ಣಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಊರಿನತ್ತ ತಿರುಗಿದಳು. "ನಿಮ್ಮ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡದ್ದು ಈ ಕೈ. ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದೀರಾ?"

ಊರು ತಲೆ ತಗ್ಗಿಸಿತು. ಮೊದಲು ಮೀನು ಮಾರುವ ಗಂಗಾಜಿ ಹೊರಬಂದಳು, ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. "ತವರಿನವರು ನಾವು" ಎಂದರು.

ಸಿಟ್ಟಿಗೆದ್ದ ಧೂಮಕೇಶ ಕತ್ತಿ ಹಿರಿದು ಮೊಸಳೆಯನ್ನು ದಾಟಿದ. ದಾಟಿದ್ದೇ ತಡ, ಹಿಡಿ ಬೂದಿಯಾದ. ರಾಜನ ನಿಲುವಂಗಿಯ ಗರಿಗಳು ಹಕ್ಕಿಗಳಾಗಿ ಎದ್ದು ಮರಿಗಳ ಬಳಿಗೆ ಹಾರಿದವು.

ರಾಜ ಬರಿಮೈಯಲ್ಲಿ ನಿಂತು, "ಹಾಗಾದರೆ ನಾನು ಸಾಯುತ್ತೇನಲ್ಲ, ಅವ್ವ" ಎಂದ.

"ಎಲ್ಲರೂ ಸಾಯುವವರೇ, ಪ್ರಭು. ಅದಕ್ಕೆ ಹಸುಗೂಸುಗಳ ಜೀವ ಯಾಕೆ ಬೇಕಿತ್ತು ನಿಮಗೆ?"

ರಾಜ ಡಂಗುರದವನನ್ನು ಕರೆದ. ಕೆರೆಯೂ ದಂಡೆಯೂ ಇನ್ನು ಹಕ್ಕಿಗಳದೆಂದು ಅಲ್ಲೇ ಡಂಗುರ ಹೊಡೆಸಿದ. ಆಮೇಲೆ ಮುದುಕನಾಗಿ, ಎಲ್ಲರಂತೆ ಸತ್ತ. ಬೆಳ್ಳಕ್ಕಿಗಳು ವರ್ಷವರ್ಷವೂ ತವರಿಗೆ ಬಂದು ಮರಿ ಮಾಡಿಕೊಂಡು, ಊರವರ ಜೊತೆ ಸುಖವಾಗಿದ್ದವು.